ನದಿ ದಂಡೆಯಲ್ಲಿ ಇಳಿದ ‘ಧ್ರುವ’

ತುಮಕೂರು ರಸ್ತೆಯಲ್ಲಿ ಟಿ. ದಾಸರಹಳ್ಳಿ ದಾಟುವವರಿಗೆ ಲೇತು ಯಂತ್ರಗಳ ಸದ್ದು ಹೊಸದಲ್ಲ. ಪಕ್ಕದ ಪೀಣ್ಯದ ಷೆಡ್ಡುಗಳಲ್ಲಿ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಮಾಡಿದ ತುಂಡು ಗುಜರಿಗೆ. ಇದೇ ರಸ್ತೆ ಹಿಡಿದು ತುಮಕೂರು ದಾಟಿದರೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್. ಅಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಮೂರು ತಿಂಗಳು ತುಂಬುವ ಮೊದಲೇ, ಅದೇ ಸಂಸ್ಥೆ ಬೆಂಗಳೂರಿನಲ್ಲಿ ರೂಪಿಸಿದ ‘ಧ್ರುವ’ ಹೆಲಿಕಾಪ್ಟರಿನ ಕೆಟ್ಟ ಸುದ್ದಿ ಹಿಮಾಲಯದಿಂದ ಬಂತು.

ಮೇ 4, ಬೆಳಿಗ್ಗೆ ಸುಮಾರು 11.15. ಜಮ್ಮು-ಕಾಶ್ಮೀರದ ಕಿಶ್ತವಾಡದಲ್ಲಿ ಮರುವಾ ನದಿಯ ದಂಡೆ. ಸೇನೆಯ ಹೆಲಿಕಾಪ್ಟರಿನಲ್ಲಿ ಇಬ್ಬರು ಪೈಲಟ್‌ಗಳು, ಒಬ್ಬ ತಂತ್ರಜ್ಞ. ತಾಂತ್ರಿಕ ದೋಷ ಕಂಡಿದೆಯೆಂದು ಪೈಲಟ್‌ಗಳು ಸಂಚಾರ ನಿಯಂತ್ರಕರಿಗೆ ತಿಳಿಸಿ, ಮುನ್ನೆಚ್ಚರಿಕೆಯಾಗಿ ಇಳಿಸಲು ಮುಂದಾದರು. ಕೆಳಗಿದ್ದುದು ಏರುತಗ್ಗಿನ ನೆಲ, ಪೊದೆಗಿಡ. ಇಳಿಯಲೆಂದು ಹದಮಾಡಿದ ಜಾಗವಲ್ಲ. ಹೆಲಿಕಾಪ್ಟರ್ ನೆಲಕ್ಕೆ ಬಲವಾಗಿ ಬಡಿಯಿತು. ಮೂವರಲ್ಲಿ ತಂತ್ರಜ್ಞ ಉಳಿಯಲಿಲ್ಲ.

ಹೆಲಿಕಾಪ್ಟರಿಗೆ ರನ್‌ವೇ ಬೇಡ, ಅಂಗೈಯಗಲ ಜಾಗ ಸಾಕು ಎಂಬುದು ಸಿನಿಮಾ ನೋಡಿ ಬೆಳೆದವರ ನಂಬಿಕೆ. ನಿಜ ಬೇರೆ. ಸಮನೆಲದ ಹತ್ತಿರ ಬಂದಾಗ ರೆಕ್ಕೆಗಳು ಕೆಳಕ್ಕೆ ದೂಡಿದ ಗಾಳಿ ಮೆತ್ತೆಯಂತೆ ಆಸರೆ ಕೊಡುತ್ತದೆ. ಪೊದೆ, ಇಳಿಜಾರು ಇರುವಲ್ಲಿ ಆ ಮೆತ್ತೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಎತ್ತರ ಹೆಚ್ಚಿದಂತೆ ಗಾಳಿಯೇ ತೆಳುವಾಗಿ, ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ಇನ್ನು ಸೇನೆಯ ಧ್ರುವಕ್ಕೆ ಚಕ್ರಗಳಿಲ್ಲ. ಎರಡು ಉದ್ದನೆಯ ಕೊಳವೆಗಾಲುಗಳ ಮೇಲೆ ಕೂರಬೇಕು. ಒಂದು ಕಾಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಇಡೀ ಯಂತ್ರ ಮಗುಚುವ ಭಯ. ಇದನ್ನೆಲ್ಲ ತೂಗಿನೋಡಲು ದೋಷ ಕಂಡ ಪೈಲಟ್‌ಗೆ ಸಿಗುವುದು ಕೆಲವೇ ಗಳಿಗೆ.

ಬೆಟ್ಟ ಬೆಂಗಳೂರಿನ ಹೆಲಿಕಾಪ್ಟರುಗಳಿಗೆ ಅಪರಿಚಿತವೇನಲ್ಲ. ಎಚ್‌ಎಎಲ್ ಇಲ್ಲಿ ತಯಾರಿಸಿದ ‘ಚೀತಾ’ದ ಫ್ರೆಂಚ್ ಮೂಲಮಾದರಿ 1969ರಲ್ಲೇ ಹಿಮಾಲಯದಲ್ಲಿ 7,500 ಮೀಟರ್ ಎತ್ತರದಲ್ಲಿ ಇಳಿದು ಮತ್ತೆ ಹಾರಿತ್ತು. 1992ರ ಆಗಸ್ಟ್ 20ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಧ್ರುವ ಮುಂದೆ ಸಿಯಾಚಿನ್‌ಗೂ ಹೋಯಿತು. ಹಾಗಿದ್ದೂ 2023 ಅದಕ್ಕೆ ಒಳ್ಳೆಯ ವರ್ಷವಾಗಲಿಲ್ಲ. ಮಾರ್ಚ್ 8ರಂದು ನೌಕಾಪಡೆಯ ಧ್ರುವ ಮುಂಬೈ ಬಳಿ ಕಡಲಿಗೆ ಇಳಿಯಬೇಕಾಯಿತು. 26ರಂದು ಕರಾವಳಿ ಕಾವಲು ಪಡೆಯದು ಕೊಚ್ಚಿಯಲ್ಲಿ ಬಿತ್ತು.

ಕಿಶ್ತವಾಡದ ನಂತರ ಧ್ರುವದ ಹಾರಾಟ ನಿಲ್ಲಿಸಲಾಯಿತು. ಒಂದೊಂದೇ ಹೆಲಿಕಾಪ್ಟರನ್ನು ತಪಾಸಣೆ ಮಾಡಿ, ಹಂತಹಂತವಾಗಿ ಮತ್ತೆ ಹಾರಲು ಬಿಟ್ಟರು. ಆ ತಪಾಸಣೆಗೆ ಬಗ್ಗಿ ನಿಂತವರೂ ತಂತ್ರಜ್ಞರೇ.