ಅನ್ನ ಜಾಸ್ತಿ, ಬೇಳೆ ನೀರು: ಸಸ್ಯಾಹಾರಿಯ ತಟ್ಟೆಯಲ್ಲಿ ಪ್ರೋಟೀನ್ ನಿಜಕ್ಕೂ ಎಷ್ಟಿದೆ?

ಎರಡು ಬಗೆಯ ಫಾರ್ವರ್ಡ್‌ಗಳು ನಿಮಗೂ ಬಂದಿರುತ್ತವೆ. ಒಂದರಲ್ಲಿ, ಸೋಯಾ ಚಂಕ್ಸ್‌ನಲ್ಲಿ ಮೊಟ್ಟೆಗಿಂತ ನಾಲ್ಕು ಪಟ್ಟು ಪ್ರೋಟೀನ್ ಇದೆ, ನುಗ್ಗೆಸೊಪ್ಪಿನ ಪುಡಿಯಲ್ಲಿ ಮೊಸರಿಗಿಂತ ಒಂಬತ್ತು ಪಟ್ಟು ಇದೆ, ಸಸ್ಯಾಹಾರಿಗಳು ಚಿಂತೆಯನ್ನೇ ಮಾಡಬೇಕಿಲ್ಲ ಎಂದಿರುತ್ತದೆ. ಇನ್ನೊಂದು ಇದಕ್ಕೆ ತದ್ವಿರುದ್ಧ: ಮಾಂಸ ತಿನ್ನದವರಿಗೆ ಪ್ರೋಟೀನ್ ಕೊರತೆ ಖಂಡಿತ, ಡಬ್ಬದ ಪೌಡರ್ ಕುಡಿಯದೆ ಬೇರೆ ದಾರಿಯಿಲ್ಲ. ಒಂದೇ ಫ್ಯಾಮಿಲಿ ಗ್ರೂಪಿನಲ್ಲಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಬರುವುದೂ ಉಂಟು.

ಎರಡೂ ಪೂರ್ತಿ ಸುಳ್ಳಲ್ಲ, ಎರಡೂ ದಾರಿ ತಪ್ಪಿಸುತ್ತವೆ. ಯಾಕೆಂದರೆ ಎರಡೂ ನಿಮ್ಮ ತಟ್ಟೆಯನ್ನು ನೋಡಿಲ್ಲ. ನಾವು ಇಲ್ಲಿ ಅದನ್ನೇ ನೋಡೋಣ.

ಮೊದಲು "ಪಟ್ಟು"ಗಳ ಲೆಕ್ಕ

ನುಗ್ಗೆಪುಡಿಯ ಲೆಕ್ಕ ನೋಡಿ. ಒಣಗಿಸಿದ ನುಗ್ಗೆಸೊಪ್ಪಿನ ಪುಡಿ 100 ಗ್ರಾಂನಲ್ಲಿ ಸುಮಾರು 27 ಗ್ರಾಂ ಪ್ರೋಟೀನ್ ಇರುತ್ತದೆ. ಮೊಸರು 100 ಗ್ರಾಂನಲ್ಲಿ 3 ಗ್ರಾಂ. ಭಾಗಿಸಿದರೆ ಒಂಬತ್ತು ಪಟ್ಟು, ಲೆಕ್ಕ ಸರಿಯಾಗಿಯೇ ಇದೆ. ಆದರೆ ಮೊಸರನ್ನು ನಾವು ಬಟ್ಟಲಿನಲ್ಲಿ ಹಾಕಿಕೊಳ್ಳುತ್ತೇವೆ, ನುಗ್ಗೆಪುಡಿಯನ್ನು ಚಮಚದಲ್ಲಿ. 5 ಗ್ರಾಂ ಪುಡಿಯಿಂದ ಸಿಗುವುದು ಒಂದೂಕಾಲು ಗ್ರಾಂ ಆಸುಪಾಸು. ಒಂದು ಬಟ್ಟಲು ಮೊಸರು ಇದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಕೊಡುತ್ತದೆ.

ಸೋಯಾ ಚಂಕ್ಸ್ ಕಥೆಯೂ ಇದೇ. ಒಣ ಚಂಕ್ಸ್ 100 ಗ್ರಾಂಗೆ 50 ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್, ಮೊಟ್ಟೆಯಲ್ಲಿ 13. ಆದರೆ ಒಣ ಚಂಕ್ಸನ್ನು ಯಾರೂ ಕಡಿದು ತಿನ್ನುವುದಿಲ್ಲ. ಬಿಸಿನೀರಲ್ಲಿ ನೆನೆಸಿ ಹಿಂಡಿದ ಮೇಲೆ ಅದರ ತೂಕ ಎರಡು ಮೂರು ಪಟ್ಟಾಗಿರುತ್ತದೆ, ಪ್ರೋಟೀನ್ ಮಾತ್ರ ಅಷ್ಟೇ. ಚಂಕ್ಸ್ ಒಳ್ಳೆಯ ಆಹಾರವೇ, ಅದರಲ್ಲಿ ಅನುಮಾನ ಬೇಡ. ಹೋಲಿಕೆ ಮಾತ್ರ ಮೋಸದ್ದು: ಒಂದು ಕಡೆ ಒಣಗಿದ್ದು, ಇನ್ನೊಂದು ಕಡೆ ನೀರು ತುಂಬಿದ್ದು. ಮುಂದಿನ ಸಲ "ಇಷ್ಟು ಪಟ್ಟು" ಎಂಬ ಮೆಸೇಜ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದನ್ನು ಒಂದು ಹೊತ್ತಿಗೆ ನಾನು ಎಷ್ಟು ತಿನ್ನುತ್ತೇನೆ?

ನಮಗೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪ್ರಮಾಣದಂತೆ, ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ, 65 ಕಿಲೋ ಗಂಡಸಿಗೆ 54 ಗ್ರಾಂ. ಇದು ಒಳ್ಳೆಯ ಗುಣಮಟ್ಟದ ಪ್ರೋಟೀನ್ ಲೆಕ್ಕ. ಹೆಚ್ಚಿನ ಪಾಲು ಅಕ್ಕಿ, ಗೋಧಿ, ರಾಗಿಯಿಂದಲೇ ಬರುವ ಊಟವಾದರೆ ಕಿಲೋಗೆ ಒಂದು ಗ್ರಾಂ ಎಂದು ಇಟ್ಟುಕೊಳ್ಳುವುದು ಸರಿ. ಆಗ ಅದೇ ಮಹಿಳೆಗೆ 55 ಗ್ರಾಂ ಬೇಕಾಗುತ್ತದೆ.

ಈಗ ಒಂದು ಸಾಮಾನ್ಯ ದಿನವನ್ನು ಲೆಕ್ಕ ಹಾಕೋಣ. ಬೆಳಿಗ್ಗೆ ಉಪ್ಪಿಟ್ಟು, 60 ಗ್ರಾಂ ರವೆಯದ್ದು: 7 ಗ್ರಾಂ. ಮಧ್ಯಾಹ್ನ 100 ಗ್ರಾಂ ಅಕ್ಕಿಯ ಅನ್ನ: 8. ಅದರ ಮೇಲೆ ಸಾರು; ನಮ್ಮ ಮನೆಗಳ ತೆಳ್ಳಗಿನ ಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ಬೇಳೆ ಹೆಚ್ಚೆಂದರೆ 12 ಗ್ರಾಂ: 3. ತರಕಾರಿ ಪಲ್ಯ: 2. ಸಣ್ಣ ಬಟ್ಟಲು ಮೊಸರು: 3. ಎರಡು ಹೊತ್ತಿನ ಕಾಫಿಯ ಹಾಲು: 5. ರಾತ್ರಿ 80 ಗ್ರಾಂ ರಾಗಿಹಿಟ್ಟಿನ ಮುದ್ದೆ: 6. ಮತ್ತೆ ಸಾರು: 3. ಕೊನೆಗೆ ಎರಡು ತುತ್ತು ಅನ್ನ ಬೇಕಲ್ಲ, 50 ಗ್ರಾಂ ಅಕ್ಕಿಯದ್ದು: 4.

ಒಟ್ಟು 41 ಗ್ರಾಂ. ಭಯ ಬೀಳುವಷ್ಟು ಕಡಿಮೆಯೇನಲ್ಲ, "ಕೊರತೆ ಖಂಡಿತ" ಎಂದ ಫಾರ್ವರ್ಡ್ ಹೇಳಿದಂತೆ ಸೊನ್ನೆಯೂ ಅಲ್ಲ. ಆದರೆ 46ಕ್ಕೂ ಮುಟ್ಟಿಲ್ಲ, 55 ಇನ್ನೂ ದೂರ. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ: ಈ 41ರಲ್ಲಿ 25 ಗ್ರಾಂ ಬಂದಿರುವುದು ಅಕ್ಕಿ, ರವೆ, ರಾಗಿಯಿಂದ. ಅಷ್ಟು ಪ್ರೋಟೀನ್ ಪಡೆಯಲು ನಾವು 290 ಗ್ರಾಂ ಧಾನ್ಯ ತಿಂದಿದ್ದೇವೆ, ಅದರ ಮುಕ್ಕಾಲು ಪಾಲು ಹತ್ತಿರ ಬರೀ ಪಿಷ್ಟ. ಬೇಳೆಯಿಂದ ಬಂದದ್ದು ಆರೇ ಗ್ರಾಂ. ಹಾಲು ಮೊಸರನ್ನೂ ಬಿಟ್ಟ ವೀಗನ್ ಆದರೆ 41ರಿಂದ 8 ಕಳೆಯಿರಿ.

ಅನ್ನ ಬಿಟ್ಟು ಚಪಾತಿ ಹಿಡಿದರೆ?

ಸಕ್ಕರೆ ಕಾಯಿಲೆ ಗಡಿಯಲ್ಲಿದೆ ಎಂದು ಡಾಕ್ಟರು ಹೇಳಿದ ಕೂಡಲೇ ಬಹುತೇಕ ಮನೆಗಳಲ್ಲಿ ನಡೆಯುವುದು ಇದೇ. ನಮ್ಮಲ್ಲೊಬ್ಬರ ಅಮ್ಮನೂ ಹೀಗೇ ಅನ್ನ ನಿಲ್ಲಿಸಿದರು. ರಾತ್ರಿ ಮೂರು ಚಪಾತಿ, ಆಲೂಗಡ್ಡೆ ಪಲ್ಯ. ಮೂರು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಸಂಖ್ಯೆ ಕದಲಿರಲಿಲ್ಲ. "ಅನ್ನ ಮುಟ್ಟೇ ಇಲ್ಲವಲ್ಲೋ" ಎಂದು ಅವರಿಗೆ ಅಳುವೇ ಬಂದಿತ್ತು.

ಅವರ ತಪ್ಪೇನಿಲ್ಲ. ಚಪಾತಿಯೂ ಕಾರ್ಬೋಹೈಡ್ರೇಟ್, ಆಲೂಗಡ್ಡೆಯೂ ಕಾರ್ಬೋಹೈಡ್ರೇಟ್. ಐಸಿಎಂಆರ್ ಮತ್ತು ಚೆನ್ನೈನ ಮಧುಮೇಹ ಸಂಶೋಧಕರು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಇಂಡಿಯಾಬ್ ಸಮೀಕ್ಷೆಯ ಆಹಾರ ಕುರಿತ ವರದಿ 2025ರಲ್ಲಿ ಪ್ರಕಟವಾಯಿತು. ಭಾರತೀಯರಿಗೆ ದಿನದ ಶಕ್ತಿಯ ಸುಮಾರು 62% ಕಾರ್ಬೋಹೈಡ್ರೇಟಿನಿಂದ ಬರುತ್ತಿದೆ, ಪ್ರೋಟೀನಿನಿಂದ 12% ಮಾತ್ರ ಎಂದು ಅದು ಹೇಳುತ್ತದೆ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದು, ಒಟ್ಟು ಪ್ರಮಾಣ ಅಷ್ಟೇ ಇಟ್ಟರೆ ಮಧುಮೇಹದ ಅಪಾಯ ಕಡಿಮೆಯಾದದ್ದು ಕಾಣಲಿಲ್ಲ. ಕಾರ್ಬೋಹೈಡ್ರೇಟಿನಿಂದ ಬರುವ ಶಕ್ತಿಯಲ್ಲಿ 5% ಭಾಗವನ್ನು ಬೇಳೆಕಾಳಿನ ಅಥವಾ ಹಾಲು ಮೊಸರಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ ಇರುವುದು ಕಂಡಿತು.

ರಾಗಿಯ ಬಗ್ಗೆ ಇಲ್ಲೇ ಒಂದು ಮಾತು, ಬೈದುಕೊಳ್ಳಬೇಡಿ. ರಾಗಿಯಲ್ಲಿ ಸುಣ್ಣದಂಶ ಧಾರಾಳ, 100 ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು, ನಾರೂ ಚೆನ್ನಾಗಿದೆ. ಪ್ರೋಟೀನ್ ಮಾತ್ರ 7 ಗ್ರಾಂ ಸುಮಾರು, ಅಂದರೆ ಅಕ್ಕಿಗಿಂತ ಒಂದು ಕೂದಲು ಕಡಿಮೆಯೇ. "ಮುದ್ದೆ ಇದ್ದರೆ ಮಾಂಸ ಯಾಕೆ" ಎನ್ನುವುದು ಅಭಿಮಾನದ ಮಾತು, ಲೆಕ್ಕದ್ದಲ್ಲ. ಮುದ್ದೆಯ ಊಟಕ್ಕೆ ಬಲ ಬರುವುದು ಅದರ ಪಕ್ಕದಲ್ಲಿರುವುದರಿಂದ.

ಬಸ್ಸಾರಿನ ಗುಟ್ಟು

ಪಕ್ಕದಲ್ಲಿ ಏನಿದೆ ನೋಡೋಣ. ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಬಸಿದ ನೀರಿಗೆ ಖಾರ ಹಾಕಿದರೆ ಸಾರು, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಪ್ರೋಟೀನಿನ ದೊಡ್ಡ ಪಾಲು ಉಳಿಯುವುದು ಕಾಳಿನಲ್ಲೇ. ಎರಡು ಸೌಟು ಸಾರು ಸುರಿದುಕೊಂಡು, ಪಲ್ಯವನ್ನು ಉಪ್ಪಿನಕಾಯಿಯಂತೆ ಒಂದು ಚೂರು ನಂಚಿಕೊಂಡು ಎದ್ದರೆ ರುಚಿ ಸಿಕ್ಕಿತು, ಪ್ರೋಟೀನ್ ಪಾತ್ರೆಯಲ್ಲೇ ಉಳಿಯಿತು. ಕರಾವಳಿಯಲ್ಲಿ ಹುರುಳಿ ಬೇಯಿಸಿ, ಕಟ್ಟನ್ನು ಬತ್ತಿಸಿ ಸಾರು ಮಾಡಿ, ಬೆಂದ ಹುರುಳಿಯನ್ನು ಕಂಬಳದ ಕೋಣಗಳಿಗೆ ತಿನ್ನಿಸುವುದುಂಟು. ಕೋಣಗಳ ಮೈಕಟ್ಟು ನೋಡಿದವರಿಗೆ ಯಾರ ಪಾಲಿಗೆ ಏನು ಹೋಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಉತ್ತರ ಕರ್ನಾಟಕದ ತಾಟಿನಲ್ಲಿ ಈ ಸಮಸ್ಯೆ ಸ್ವಲ್ಪ ಕಡಿಮೆ. ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ ಗಟ್ಟಿಯಾಗಿ ಬೀಳುತ್ತದೆ, ಕಡಲೆಹಿಟ್ಟಿನ ಜುಣಕ ಇರುತ್ತದೆ, ಶೇಂಗಾ ಚಟ್ನಿಪುಡಿ ಇರುತ್ತದೆ. ಹಳೇ ಮೈಸೂರಿನ ನುಚ್ಚಿನುಂಡೆ ಹೆಚ್ಚುಕಡಿಮೆ ಪೂರ್ತಿ ಬೇಳೆಯೇ. ಈಗ ಅದನ್ನು ಮಾಡುವವರು ಕಡಿಮೆಯಾಗಿದ್ದಾರೆ ಎನ್ನುವುದು ನಮ್ಮ ದುಃಖ.

ಈಗ ಮೇಲಿನ ದಿನವನ್ನೇ ಸ್ವಲ್ಪ ತಿದ್ದೋಣ. ಮಧ್ಯಾಹ್ನದ ಅಕ್ಕಿ 100ರಿಂದ 70 ಗ್ರಾಂಗೆ ಇಳಿಯಲಿ, ರಾತ್ರಿಯ ಅನ್ನ ಬೇಡ. ಎರಡೂ ಹೊತ್ತು ತೆಳು ಸಾರಿನ ಬದಲು ಗಟ್ಟಿ ಬೇಳೆ, ಹುಳಿ ಅಥವಾ ಕಾಳಿನ ಸಾರು, ಒಬ್ಬರಿಗೆ 30 ಗ್ರಾಂ ಬೇಳೆ ಬರುವಂತೆ. ಸಂಜೆ ಬಿಸ್ಕತ್ತಿನ ಬದಲು 30 ಗ್ರಾಂ ಕಡಲೆಯ ಉಸಲಿ. ದಿನದಲ್ಲಿ ಯಾವಾಗಲಾದರೂ 20 ಗ್ರಾಂ ಶೇಂಗಾ, ಚಟ್ನಿಯಲ್ಲಾದರೂ ಸರಿ. ಧಾನ್ಯ 290ರಿಂದ 210 ಗ್ರಾಂಗೆ ಬಂತು, ಪ್ರೋಟೀನ್ 41ರಿಂದ 53ಕ್ಕೆ ಏರಿತು. ಪೌಡರ್ ಇಲ್ಲ, ಹೊಸ ಹೆಸರಿನ ಕಾಳೂ ಇಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಟ್ಟೆಯಲ್ಲಿ 2000 ಕ್ಯಾಲೊರಿಗೆ 85 ಗ್ರಾಂ ಬೇಳೆಕಾಳು ಇದೆ. ನಾವು ಸೇರಿಸಿದ್ದು 90.

ಒಂದು ಎಚ್ಚರ. ಬೇಳೆ ಎಂದರೆ ಬರೀ ಪ್ರೋಟೀನ್ ಅಲ್ಲ. ತೊಗರಿಬೇಳೆ 100 ಗ್ರಾಂನಲ್ಲಿ ಪ್ರೋಟೀನ್ 22 ಗ್ರಾಂ, ಕಾರ್ಬೋಹೈಡ್ರೇಟ್ 50 ಗ್ರಾಂಗೂ ಹೆಚ್ಚು. ಅದು ನಿಧಾನವಾಗಿ ಜೀರ್ಣವಾಗುತ್ತದೆ, ನಿಜ. ಆದರೆ ಅನ್ನ ಅಷ್ಟೇ ಇಟ್ಟು ಬೇಳೆ ಮಾತ್ರ ಏರಿಸಿದರೆ ಒಟ್ಟು ಊಟ ಹೆಚ್ಚಾಗುತ್ತದೆ, ಸಕ್ಕರೆಗೆ ಲಾಭವಿಲ್ಲ. ಅನ್ನ ಇಳಿಸುವುದು, ಬೇಳೆ ಏರಿಸುವುದು ಎರಡೂ ಒಟ್ಟಿಗೆ ಆಗಬೇಕು. ಇನ್ನು ಉಪವಾಸದ ಸಾಬಕ್ಕಿ ಖಿಚಡಿಯಲ್ಲಿ ಪ್ರೋಟೀನ್ ಇದ್ದರೆ ಅದು ಶೇಂಗಾದ್ದು. ಸಾಬಕ್ಕಿ ಅಪ್ಪಟ ಪಿಷ್ಟ.

ಅನ್ನ, ಬೇಳೆ ಒಂದೇ ಹೊತ್ತಿಗೆ ತಿನ್ನಲೇಬೇಕೇ?

ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಸಾಕಷ್ಟಿದೆ. ಬೇಳೆಯಲ್ಲಿ ಮಿಥಿಯೋನಿನ್ ಕಡಿಮೆ, ಧಾನ್ಯದಲ್ಲಿದೆ. ಹಾಗಾಗಿ ಎರಡೂ ಬೇಕು ಎನ್ನುವುದು ಸರಿ. "ಒಂದೇ ತುತ್ತಿನಲ್ಲಿ ಬೇಕು, ಇಲ್ಲದಿದ್ದರೆ ವ್ಯರ್ಥ" ಎಂಬ ಭಾಗ ಹುಟ್ಟಿದ್ದು ಅಮೆರಿಕದಲ್ಲಿ. ಫ್ರಾನ್ಸಿಸ್ ಮೂರ್ ಲಪ್ಪೆ 1971ರಲ್ಲಿ ಬರೆದ "ಡಯಟ್ ಫಾರ್ ಎ ಸ್ಮಾಲ್ ಪ್ಲಾನೆಟ್" ಪುಸ್ತಕದಿಂದ ಅದು ಜನಪ್ರಿಯವಾಯಿತು. ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಅವರೇ ಆ ಮಾತನ್ನು ತಿದ್ದಿಕೊಂಡರು. ದೇಹ ಅಮೈನೋ ಆಮ್ಲಗಳನ್ನು ಕೆಲ ಗಂಟೆಗಳ ಕಾಲ ಕೈಗೆಟುಕುವಂತೆ ಇಟ್ಟುಕೊಂಡಿರುತ್ತದೆ. ಬೆಳಿಗ್ಗೆ ಅವಲಕ್ಕಿ ತಿಂದು ಮಧ್ಯಾಹ್ನ ಕಾಳು ತಿಂದರೂ ನಡೆಯುತ್ತದೆ. ಅವರು ತಿದ್ದಿಕೊಂಡು ನಾಲ್ಕು ದಶಕ ಕಳೆದರೂ ಫಾರ್ವರ್ಡ್ ಮಾತ್ರ ತಿದ್ದಿಕೊಂಡಿಲ್ಲ.

ವೀಗನ್ ಆದವರಿಗೆ

ಹಾಲು ಮೊಸರಿನ 8 ಗ್ರಾಂ ಪ್ರೋಟೀನನ್ನು 15 ಗ್ರಾಂ ಒಣ ಸೋಯಾ ಚಂಕ್ಸ್ ತುಂಬಿಕೊಡುತ್ತದೆ. ಟೋಫು, ಸೋಯಾ ಹಾಲೂ ಆದೀತು. ಬಾದಾಮಿ ಹಾಲು, ತೆಂಗಿನ ಹಾಲಿನಲ್ಲಿ ಪ್ರೋಟೀನ್ ಬಹಳ ಕಡಿಮೆ, ಹೆಸರಲ್ಲಿ "ಹಾಲು" ಇದ್ದ ಮಾತ್ರಕ್ಕೆ ಅದು ಬದಲಿಯಲ್ಲ. ಸೋಯಾ ತಿಂದರೆ ಗಂಡಸರಿಗೆ ಹೆಣ್ತನ ಬರುತ್ತದೆ ಎಂಬ ಮೆಸೇಜನ್ನು ಅಲ್ಲೇ ಬಿಡಿ. ಗಂಡಸರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಾಗಿ ನೋಡಿದಾಗ ಟೆಸ್ಟೋಸ್ಟಿರಾನ್ ಮಟ್ಟ ಬದಲಾಗಿರಲಿಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಾತ್ರೆಗೂ ಸೋಯಾಗೂ ನಡುವೆ ಕೆಲ ಗಂಟೆ ಅಂತರ ಇಡಬೇಕು.

ವೀಗನ್ ಊಟದಲ್ಲಿ ನಿಜವಾಗಿ ಕೈಕೊಡುವುದು ಪ್ರೋಟೀನ್ ಅಲ್ಲ, ಬಿ12 ವಿಟಮಿನ್. ಯಾವ ಕಾಳಿನಲ್ಲೂ ಸೊಪ್ಪಿನಲ್ಲೂ ಅದು ನಂಬುವಷ್ಟು ಸಿಗುವುದಿಲ್ಲ. ಅದಕ್ಕೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು, ಅಥವಾ ಬಿ12 ಸೇರಿಸಿದ ಆಹಾರ ಬಳಸಬೇಕು. ಇದರಲ್ಲಿ ಹಠ ಮಾಡಿದರೆ ನರಗಳಿಗೇ ಪೆಟ್ಟು.

ಮನೆಯಲ್ಲಿ ಕಿಡ್ನಿ ತೊಂದರೆ ಇರುವವರಿದ್ದರೆ ಮೇಲಿನ ಲೆಕ್ಕ ಅವರಿಗಲ್ಲ. ಅವರ ಪ್ರೋಟೀನ್ ಪ್ರಮಾಣವನ್ನು ವೈದ್ಯರೇ ಹೇಳಬೇಕು, ಬೇಳೆ ಏರಿಸುವ ಮುಂಚೆ ಕೇಳಿ. ಹೊಟ್ಟೆಯುಬ್ಬರದ ಭಯವಿರುವವರು ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ವಾರಕ್ಕೊಂದಿಷ್ಟು ಹೆಚ್ಚಿಸುತ್ತಾ ಹೋಗಿ. ಮೊದಲ ದಿನವೇ ಬಟ್ಟಲು ತುಂಬಿಸಬೇಡಿ.

ತಲೆಗೆ 30 ಗ್ರಾಂ ಎಂದರೆ ನಾಲ್ಕು ಜನರ ಮನೆಗೆ ಒಂದು ಹೊತ್ತಿಗೆ 120 ಗ್ರಾಂ ಬೇಳೆ. ಅಡುಗೆಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಅರ್ಧ ಕಿಲೋ ಬೇಳೆ ಪ್ಯಾಕೆಟ್ ಒಡೆದು ನಾಲ್ಕು ಸಮ ಪಾಲು ಮಾಡಿ, ಒಂದು ಪಾಲನ್ನು ನೀವು ದಿನಾ ಅಳೆಯುವ ಲೋಟಕ್ಕೆ ಹಾಕಿ, ಎಲ್ಲಿಯವರೆಗೆ ಬಂತೋ ಅಲ್ಲಿಗೆ ಗುರುತು ಹಾಕಿಕೊಳ್ಳಿ. ನಿನ್ನೆಯವರೆಗೆ ಕುಕ್ಕರಿಗೆ ಹಾಕುತ್ತಿದ್ದದ್ದು ಆ ಗುರುತಿನ ಎಷ್ಟು ಕೆಳಗಿತ್ತು ಎಂದು ಅಡುಗೆ ಮಾಡುವವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.