ಚೋಪೂಗೆ ಐದು ದಿನದ ದಾರಿ

‘ಅಲೆ 2.4 ಮೀಟರ್, 16 ಸೆಕೆಂಡ್, 210 ಡಿಗ್ರಿ. ಗಾಳಿ 5 ನಾಟ್, ಈಶಾನ್ಯ.’

ಸರ್ಫಿಂಗ್ ಮಾಡುವವರು ಬೆಳಗ್ಗೆ ಎದ್ದು ಫೋನಿನಲ್ಲಿ ನೋಡುವ ಮುನ್ಸೂಚನೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬಸ್ ನಿಲ್ದಾಣದ ವೇಳಾಪಟ್ಟಿಯಷ್ಟು ನೀರಸವಾದ ನಾಲ್ಕೈದು ಅಂಕಿ. ಆದರೆ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ದಕ್ಷಿಣ ಕರಾವಳಿಯ ಒಂದು ಹಳ್ಳಿಗೆ ಇಂಥ ಸಾಲು ಮೂಡಿತೆಂದರೆ ಕೆಲವರು ಕೆಲಸಕ್ಕೆ ರಜೆ ಹಾಕುತ್ತಾರೆ, ಇನ್ನು ಕೆಲವರು ಸಮುದ್ರ ದಾಟಿ ಬರಲು ವಿಮಾನದ ಟಿಕೆಟ್ ಹುಡುಕುತ್ತಾರೆ. ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಹೇಳಿಸಿಕೊಂಡೂ ಕೊಡೆ ಒಯ್ಯಬೇಕೋ ಬೇಡವೋ ತಿಳಿಯದ ನನ್ನಂಥವನಿಗೆ, ಐದು ದಿನ ಮೊದಲೇ ಅಲೆಯ ಬರವು ಗೊತ್ತಾಗುವುದೇ ಒಂದು ಸೋಜಿಗ. ಆ ಅಂಕಿಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಸೋಜಿಗ ಇನ್ನೂ ಹಿಗ್ಗುತ್ತದೆ.

ಹಳ್ಳಿಯ ಹೆಸರು ತೆಆಹುಪೊಓ. ಸರ್ಫಿಂಗಿನವರ ಬಾಯಲ್ಲಿ ಅದು ಸವೆದು ‘ಚೋಪೂ’ ಆಗಿದೆ. ತಾಹಿತಿಯ ಡಾಂಬರು ರಸ್ತೆ ಅಲ್ಲಿಗೆ ಬಂದು ಮುಗಿದೇಹೋಗುತ್ತದೆ. ಮುಂದೆ ಬೆಟ್ಟ, ಕಾಡು. ಊರಿನ ಎದುರು ತಿಳಿನೀಲಿ ನೀರಿನ ಲಗೂನು, ಅದರಾಚೆ ಕಡಲಿಗೆ ಒಡ್ಡು ಕಟ್ಟಿದ ಹಾಗೆ ಹವಳದ ದಿಬ್ಬ. ಹವಳಕ್ಕೆ ಸಿಹಿನೀರು ಆಗಿಬರುವುದಿಲ್ಲ. ಬೆಟ್ಟದಿಂದ ಹರಿದುಬರುವ ಹೊಳೆನೀರು ಸಾವಿರಾರು ವರ್ಷ ಒಂದೇ ಕಡೆ ಹಾದು ಹಾದು ಆ ದಿಬ್ಬದಲ್ಲಿ ಒಂದು ಕಂಡಿ ಬಿಟ್ಟಿದೆ. ಅದರ ಹೆಸರು ಹವಾಯೆ. ಜಗತ್ತಿನ ಅತ್ಯಂತ ಭಾರದ ಅಲೆಗಳಲ್ಲಿ ಒಂದು ಮುರಿಯುವುದು ಈ ಕಂಡಿಯ ಅಂಚಿನಲ್ಲಿ.

ಈಗ ಅಂಕಿಗಳಿಗೆ ಬರೋಣ. ಮೊದಲು ಕಣ್ಣಿಗೆ ಬೀಳುವುದು 2.4 ಮೀಟರ್. ಹೊಸಬರು ಅದನ್ನೇ ನೋಡುತ್ತಾರೆ. ಪಳಗಿದವರು ನೋಡುವುದು ಪಕ್ಕದ 16 ಸೆಕೆಂಡನ್ನು. ಅಲೆಯ ಒಂದು ತಲೆ ಹಾದುಹೋದ ಮೇಲೆ ಮುಂದಿನ ತಲೆ ಬರಲು ಹಿಡಿಯುವ ಸಮಯ ಅದು. ಆಳ ಸಮುದ್ರದ ಲೆಕ್ಕ ಸರಳವಾಗಿದೆ. ಸೆಕೆಂಡುಗಳನ್ನು 1.56ರಿಂದ ಗುಣಿಸಿದರೆ ಅಲೆಯ ವೇಗ, ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಹದಿನಾರಕ್ಕೆ 25 ಬರುತ್ತದೆ; ಅಂದರೆ ಗಂಟೆಗೆ 90 ಕಿ.ಮೀ. ಒಂದು ತಲೆಯಿಂದ ಇನ್ನೊಂದು ತಲೆಗೆ 400 ಮೀಟರ್, ಸರಿಯಾಗಿ ಓಟದ ಟ್ರ್ಯಾಕಿನ ಒಂದು ಸುತ್ತು. ಅಷ್ಟು ಉದ್ದಕ್ಕೆ ಎತ್ತರ ಬರೀ 2.4 ಮೀಟರ್. ಆ ಏರಿನ ಮೇಲೆ ಸೈಕಲ್ ತುಳಿದರೂ ಏರು ಹತ್ತುತ್ತಿದ್ದೇವೆ ಅನ್ನಿಸಲಿಕ್ಕಿಲ್ಲ. ನಡುಗಡಲಿನಲ್ಲಿ ಹಡಗಿನ ಅಡಿ ಇಂಥ ಅಲೆ ಹಾದರೆ ಟೀ ಲೋಟ ತುಸು ವಾಲೀತು, ಅಷ್ಟೇ. ಆದರೆ ಅದು ಕೆಳಗೆ 200 ಮೀಟರ್ ಆಳದವರೆಗೂ ನೀರನ್ನು ಅಲುಗಿಸುತ್ತ ಹೋಗುತ್ತಿರುತ್ತದೆ.

ಆ 16 ಸೆಕೆಂಡಿನೊಳಗೆ ಅಲೆಯ ಜಾತಕವೂ ಇದೆ. ತನ್ನನ್ನು ಎಬ್ಬಿಸಿದ ಗಾಳಿಗಿಂತ ಬಹಳ ಜೋರಾಗಿ ಅಲೆ ಓಡಲಾರದು. ಗಂಟೆಗೆ 90 ಕಿ.ಮೀ. ಓಡುವ ಅಲೆ ಬಂದಿದೆ ಎಂದರೆ ಎಲ್ಲೋ ಹೆಚ್ಚುಕಡಿಮೆ ಅಷ್ಟೇ ವೇಗದ ಗಾಳಿ ಗಂಟೆಗಟ್ಟಲೆ, ನೂರಾರು ಕಿಲೋಮೀಟರ್ ಉದ್ದಕ್ಕೆ ನೀರನ್ನು ಉಜ್ಜಿದೆ. ತಾಹಿತಿಯ ಸುತ್ತ ಆಗ ಎಲೆ ಅಲುಗದಂಥ ಬಿಸಿಲು ಇದ್ದಿರಬಹುದು.

ಎಲ್ಲೋ ಎಂದೆನಲ್ಲ, ಎಲ್ಲಿ ಎನ್ನುವುದನ್ನು 210 ಡಿಗ್ರಿ ಹೇಳುತ್ತದೆ. ಚೋಪೂವಿನಲ್ಲಿ ನಿಂತು ಆ ದಿಕ್ಕಿಗೆ ಭೂಮಿಯ ಬಾಗಿನ ಮೇಲೆ ದಾರ ಎಳೆದರೆ ನ್ಯೂಜಿಲೆಂಡಿನ ಪೂರ್ವಕ್ಕೆ ಹಾದು, ದಕ್ಷಿಣ ಮಹಾಸಾಗರದ ಕ್ಯಾಂಪ್‌ಬೆಲ್ ದ್ವೀಪದ ಆಸುಪಾಸಿಗೆ ಮುಟ್ಟುತ್ತದೆ. ದಾರದ ಉದ್ದ ಸುಮಾರು 5,270 ಕಿ.ಮೀ. ಅಲ್ಲಿಂದ ಇನ್ನಷ್ಟು ಕೆಳಗೆ, 60 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಭೂಮಿಯನ್ನು ಪೂರ್ತಿ ಪ್ರದಕ್ಷಿಣೆ ಹಾಕಿದರೂ ಒಂದು ಚೂರು ನೆಲ ಅಡ್ಡ ಬರುವುದಿಲ್ಲ. ಸುತ್ತಳತೆ 20,000 ಕಿ.ಮೀ. ಗಾಳಿಗೆ ಇದಕ್ಕಿಂತ ದೊಡ್ಡ ಬಯಲು ಬೇರೆ ಎಲ್ಲೂ ಇಲ್ಲ.

2018ರ ಮೇ 8ರಂದು ಕ್ಯಾಂಪ್‌ಬೆಲ್ ದ್ವೀಪದ ಬಳಿ ತೇಲುತ್ತಿದ್ದ ಒಂದು ಅಳತೆಯ ಬೋಯ್ 23.8 ಮೀಟರ್ ಎತ್ತರದ ಅಲೆಯನ್ನು ದಾಖಲಿಸಿತು. ಎಂಟು ಮಹಡಿಯ ಕಟ್ಟಡ ಅನ್ನಿ. ದಕ್ಷಿಣ ಗೋಳಾರ್ಧದಲ್ಲಿ ಅಲ್ಲಿಯವರೆಗೆ ಅಳೆದದ್ದರಲ್ಲೇ ದೊಡ್ಡದು. ನನ್ನನ್ನು ಹೆಚ್ಚು ಕಾಡಿದ್ದು ಅದರ ಹಿಂದಿನ ಸಣ್ಣ ವಿವರ. ಬಿಸಿಲಿನ ವಿದ್ಯುತ್ತಿನಿಂದ ನಡೆಯುತ್ತಿದ್ದ ಆ ಬೋಯ್ ಬ್ಯಾಟರಿ ಉಳಿಸಲು ಮೂರು ಗಂಟೆಗೊಮ್ಮೆ 20 ನಿಮಿಷ ಮಾತ್ರ ಕಣ್ಣು ಬಿಡುತ್ತಿತ್ತು. ಉಳಿದ ಎರಡು ಗಂಟೆ ನಲವತ್ತು ನಿಮಿಷ ಅಲ್ಲಿ ಏನೇನು ಎದ್ದು ಬಿತ್ತೋ, ನೋಡಿದವರಿಲ್ಲ.

ಹೀಗೆ ಎದ್ದ ನೀರಿನ ಗೊಂದಲ ಬಿರುಗಾಳಿಯ ಸೀಮೆ ದಾಟಿ ಹೊರಬಿದ್ದ ಮೇಲೆ ತಾನೇ ಸಾಲುಗೂಡುತ್ತದೆ. ಜಾತ್ರೆ ಮುಗಿಸಿ ಒಂದೇ ಹೊತ್ತಿಗೆ ಹೊರಟ ಐರಾವತ, ಕೆಂಪು ಬಸ್ಸು, ಎತ್ತಿನ ಗಾಡಿ ಊರು ಮುಟ್ಟುವಷ್ಟರಲ್ಲಿ ಬೇರೆ ಬೇರೆ ಆಗಿರುತ್ತವಲ್ಲ, ಹಾಗೆ. 20 ಸೆಕೆಂಡಿನ ಅಲೆಗಳು ಮುಂದೆ ಓಡುತ್ತವೆ, 12 ಸೆಕೆಂಡಿನವು ಹಿಂದೆ ಬೀಳುತ್ತವೆ. ಇಲ್ಲೊಂದು ವಿಚಿತ್ರ ಇದೆ. ಪ್ರತಿ ಅಲೆಯ ತಲೆ 90 ಕಿ.ಮೀ. ವೇಗದಲ್ಲಿ ಓಡಿದರೂ ಅಲೆಗಳ ಗುಂಪು ಸಾಗುವುದು ಅದರ ಅರ್ಧಕ್ಕೆ, 45 ಕಿ.ಮೀ.ಗೆ. ನಂಬಿಕೆ ಬಾರದಿದ್ದರೆ ಊರಿನ ಕಲ್ಯಾಣಿಗೆ ಒಂದು ಕಲ್ಲೆಸೆದು ಉಂಗುರಗಳನ್ನು ಕಣ್ಣು ಕೀಲಿಸಿ ನೋಡಬೇಕು. ಉಂಗುರಗಳ ಪಟ್ಟಿ ನಿಧಾನ ಅಗಲವಾಗುತ್ತಿರುತ್ತದೆ. ಅದರೊಳಗೆ ಹಿಂದಿನ ಅಂಚಿನಲ್ಲಿ ಹೊಸ ಉಂಗುರ ಹುಟ್ಟುತ್ತದೆ, ಪಟ್ಟಿಯನ್ನು ಸೀಳಿಕೊಂಡು ಮುಂದಕ್ಕೋಡುತ್ತದೆ, ಮುಂದಿನ ಅಂಚು ತಲುಪಿದ್ದೇ ಅಳಿಸಿಹೋಗುತ್ತದೆ. ಸಮುದ್ರದಲ್ಲೂ ಇದೇ. ಅಂದಮೇಲೆ ಚೋಪೂವಿನಲ್ಲಿ ಮುರಿಯುವ ಅಲೆ ಬಿರುಗಾಳಿಯಲ್ಲಿ ಹುಟ್ಟಿದ ಅಲೆಯಲ್ಲ. ದಾರಿಯಲ್ಲೇ ಹುಟ್ಟಿದ್ದು. ಅಷ್ಟು ದೂರದಿಂದ ಬಂದದ್ದು ಶಕ್ತಿ ಮಾತ್ರ. ನೀರಂತೂ ಇದ್ದಲ್ಲೇ ಒಂದು ಸುತ್ತು ತಿರುಗಿ ಸುಮ್ಮನಾಗಿದೆ.

ಲೆಕ್ಕ ಹಾಕಿ ನೋಡಿದೆ. 5,270 ಕಿ.ಮೀ. ದಾರಿಗೆ 20 ಸೆಕೆಂಡಿನ ಗುಂಪಿಗೆ 94 ಗಂಟೆ ಬೇಕು, 16ರದಕ್ಕೆ 117, 12ರದಕ್ಕೆ 156. ಸೋಮವಾರ ಬೆಳಗ್ಗೆ ಎದ್ದ ಬಿರುಗಾಳಿಯ ಮೊದಲ ಅಲೆ ಶುಕ್ರವಾರ ಬೆಳಗ್ಗೆ ಮುಟ್ಟಿದರೆ, ಬಾಲ ಮುಟ್ಟುವುದು ಭಾನುವಾರ ಸಂಜೆಗೆ. ಈ ಅಂತರವನ್ನೇ ತಿರುಗಿಸಿ ಓದಿದರೆ, ಅಲೆ ಎಷ್ಟು ದೂರದಿಂದ, ಎಂದು ಹೊರಟಿತು ಎಂದು ದಡದಲ್ಲಿ ಕುಳಿತೇ ಹೇಳಬಹುದು. ಹಾಗೆ ಹೇಳಿದ ಮನುಷ್ಯ ವಾಲ್ಟರ್ ಮಂಕ್. ಎರಡನೇ ಮಹಾಯುದ್ಧದಲ್ಲಿ ಸೈನ್ಯ ದಡಕ್ಕಿಳಿಯುವಾಗ ಅಲೆ ಹೇಗಿರುತ್ತದೆ ಎಂದು ಮುನ್ಸೂಚಿಸುವ ವಿಧಾನವನ್ನು ಗುರು ಹರಾಲ್ಡ್ ಸ್ವೆರ್ಡ್ರುಪ್ ಜೊತೆ ರೂಪಿಸಿದವರು. 1963ರಲ್ಲಿ ಅವರು ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಪೆಸಿಫಿಕ್ಕಿನ ಉದ್ದಕ್ಕೂ ಆರು ಕಡೆ ಮಾಪಕ ಇಟ್ಟರು. ನಡುವೆ ದ್ವೀಪ ಸಿಗದ ಕಡೆ ‘ಫ್ಲಿಪ್’ ಎಂಬ 108 ಮೀಟರ್ ಉದ್ದದ ವಿಚಿತ್ರ ನೌಕೆಯನ್ನು ಕಂಬದ ಹಾಗೆ ನೆಟ್ಟಗೆ ನಿಲ್ಲಿಸಿದರು: 91 ಮೀಟರ್ ನೀರೊಳಗೆ, 17 ಮೀಟರ್ ಮೇಲೆ. ಅಂಟಾರ್ಕ್ಟಿಕಾ ಕಡೆಯ ಬಿರುಗಾಳಿಯ ಅಲೆಗಳು ಒಂದೊಂದೇ ಠಾಣೆ ದಾಟುತ್ತ 10,000 ಕಿ.ಮೀ.ಗೂ ಆಚೆ ಅಲಾಸ್ಕಾ ದಡಕ್ಕೆ ಬಂದು ಬಡಿದವು. ದಾರಿಯಲ್ಲಿ ಕಳೆದುಕೊಂಡದ್ದು ಅತ್ಯಲ್ಪ. ಅದಕ್ಕೂ ಕೆಲವು ವರ್ಷ ಮೊದಲು ಮೆಕ್ಸಿಕೋ ಬಳಿಯ ಗ್ವಾಡಲೂಪೆ ದ್ವೀಪದಲ್ಲಿ ಅಳತೆಗೆ ಸಿಕ್ಕ ಅಲೆಗಳ ಹುಟ್ಟೂರು ಹುಡುಕಿದರೆ ಅದು ನಮ್ಮ ಹಿಂದೂ ಮಹಾಸಾಗರವಾಗಿತ್ತು!

ಹಿಂದೂ ಮಹಾಸಾಗರ ಎಂದಾಗ ಒಂದು ಮಾತು. ಆಕಾಶ ಶುಭ್ರವಿದ್ದು ಗಾಳಿಯೂ ಇಲ್ಲದ ದಿನ ಕೇರಳದ ಮನೆಗಳೊಳಗೆ ಕಡಲು ನುಗ್ಗುವುದುಂಟು. ಮಲಯಾಳಿ ಮೀನುಗಾರರು ಅದಕ್ಕಿಟ್ಟ ಹೆಸರು ‘ಕಳ್ಳಕ್ಕಡಲ್’. ಕನ್ನಡಕ್ಕೆ ಅನುವಾದವೇ ಬೇಡ. ಅದೂ ದಕ್ಷಿಣದ ಬಿರುಗಾಳಿಗಳಿಂದ ಆರೇಳು ಸಾವಿರ ಕಿ.ಮೀ. ನಡೆದು ಬಂದ ಇಂಥದೇ ಅಲೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ಎಚ್ಚರಿಕೆ ನಮ್ಮ ಕರಾವಳಿಗೂ ಬರುತ್ತದೆ. ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಮನೆ ಖಾಲಿ ಮಾಡುವ ಗಡಿಬಿಡಿ. ಲೆಕ್ಕ ಮಾತ್ರ ಒಂದೇ.

ಆ ಲೆಕ್ಕವನ್ನು ಇವತ್ತು ಯಂತ್ರ ಮಾಡುತ್ತದೆ. 1,336 ಕಿ.ಮೀ. ಮೇಲಿನಿಂದ ಉಪಗ್ರಹಗಳು ಸಮುದ್ರದ ಮಟ್ಟವನ್ನು ಕೆಲವೇ ಸೆಂಟಿಮೀಟರ್ ತಪ್ಪಿನೊಳಗೆ ಅಳೆಯುತ್ತವೆ. ಭೂಮಿಯ ಮೇಲೆ ಕಾಲು ಡಿಗ್ರಿಯ ಬಲೆ ಬೀಸಿದರೆ 10 ಲಕ್ಷಕ್ಕೂ ಮೀರಿ ಗಂಟುಗಳು. ಅದರಲ್ಲಿ ಏಳು ಲಕ್ಷದಷ್ಟು ನೀರಿನ ಮೇಲೆ. ಪ್ರತಿ ಗಂಟಿನಲ್ಲೂ ಯಾವ ದಿಕ್ಕಿನಿಂದ ಎಷ್ಟು ಸೆಕೆಂಡಿನ ಅಲೆ ಎಷ್ಟು ಶಕ್ತಿಯದು ಎಂದು ಪ್ರತ್ಯೇಕ ಖಾತೆ ಇಡಬೇಕು. 36 ದಿಕ್ಕು, 30 ಬಗೆಯ ಸೆಕೆಂಡು ಎಂದಿಟ್ಟುಕೊಂಡರೂ 1,080 ಖಾತೆ. ಒಟ್ಟು 75 ಕೋಟಿ ಅಂಕಿ, ಅದೂ ಒಂದು ಕ್ಷಣದ ಚಿತ್ರಕ್ಕೆ. ಮುಂದಿನ ಕ್ಷಣಕ್ಕೆ ಮತ್ತೆ 75 ಕೋಟಿ. ಅಮೆರಿಕದ ಹವಾಮಾನ ಕೇಂದ್ರದ ಯಂತ್ರ ಈ ಕೆಲಸವನ್ನು ದಿನಕ್ಕೆ ನಾಲ್ಕು ಸಲ ಮೊದಲಿಂದ ಮಾಡುತ್ತದೆ. ಕೊನೆಗೆ ಸೋಸಿ ಉಳಿಯುವುದು ಫೋನಿನ ಆ ಒಂದು ಸಾಲು.

ಬಿರುಗಾಳಿಯ ಶಕ್ತಿ ಬೀಸಣಿಗೆಯಂತೆ ಹರಡುತ್ತ ಬರುವುದರಿಂದ ಎಂಟು ಮಹಡಿ ಕರಗಿ ಎರಡು ಮೂರು ಮೀಟರಿಗೆ ಇಳಿದಿರುತ್ತದೆ. ಆ ಬೀಸಣಿಗೆಯಲ್ಲಿ ಇಡೀ ತಾಹಿತಿಯ ಪಾಲು ಒಂದು ಡಿಗ್ರಿಗಿಂತ ಕಡಿಮೆ. ಹಾಗಿದ್ದೂ 2.4 ಮೀಟರ್, 16 ಸೆಕೆಂಡಿನ ಅಲೆಯಲ್ಲಿ ಪ್ರತಿ ಒಂದು ಮೀಟರ್ ಅಗಲಕ್ಕೆ 40 ಕಿಲೋವಾಟ್‌ಗೂ ಹೆಚ್ಚು ಶಕ್ತಿ ಹರಿಯುತ್ತಿರುತ್ತದೆ. ನಮ್ಮ ಹೊಲದ ಭಾಷೆಯಲ್ಲಿ ಹೇಳುವುದಾದರೆ, ಮಾರು ದೂರವೂ ಇಲ್ಲದ ಜಾಗದಲ್ಲಿ ಐದು ಎಚ್‌.ಪಿ.ಯ ಹನ್ನೊಂದು ಪಂಪ್‌ಸೆಟ್ ಒಟ್ಟಿಗೆ ಓಡಿದಂತೆ. ಮತ್ತು 2.4 ಎನ್ನುವುದು ದೊಡ್ಡ ಮೂರನೇ ಒಂದು ಪಾಲು ಅಲೆಗಳ ಸರಾಸರಿ ಮಾತ್ರ. ನಡುವೆ ಒಂದೆರಡು ನಾಲ್ಕು ಮೀಟರ್ ದಾಟಿ ಬರುತ್ತವೆ.

ಬೇರೆ ದಡಗಳಲ್ಲಿ ನೆಲ ಮೆಲ್ಲಗೆ ಏರುತ್ತದೆ. ಅಲೆ ತಳಕ್ಕೆ ಕಾಲು ತಾಗಿಸಿ ತಾಗಿಸಿ ಸುಸ್ತಾಗುತ್ತದೆ. ಚೋಪೂವಿನಲ್ಲಿ ಆ ಸೌಜನ್ಯವಿಲ್ಲ. ಕಡುನೀಲಿ ಆಳದಿಂದ ಹವಳದ ಗೋಡೆ ನೇರ ಎದ್ದು ನಿಂತಿದೆ. 90 ಕಿ.ಮೀ. ವೇಗದಲ್ಲಿ ಬಂದದ್ದು ಐದು ಮೀಟರ್ ನೀರಿನಲ್ಲಿ 25ಕ್ಕೆ ಇಳಿಯಬೇಕು. ಮುಂದಿನ ಭಾಗಕ್ಕೆ ಬ್ರೇಕ್ ಬಿದ್ದಿದೆ, ಹಿಂದಿನದಕ್ಕೆ ಸುದ್ದಿ ಮುಟ್ಟಿಲ್ಲ. ಅಲೆ ಎದ್ದು ನಿಲ್ಲುವುದಕ್ಕಿಂತ ಹೆಚ್ಚಾಗಿ, ಅದರ ಎದುರಿನ ನೀರನ್ನೇ ಹೀರಿಕೊಂಡು ತಳ ಕುಸಿದಂತೆ ಕಾಣುತ್ತದೆ. ತುಟಿ ಮುಂದಕ್ಕೆ ಚಾಚಿ ಒಂದು ಸುರಂಗ ಕಟ್ಟುತ್ತದೆ. ಒಂದು ಘನ ಮೀಟರ್ ಕಡಲ ನೀರಿಗೆ 1,025 ಕಿಲೋ ತೂಕ. ಆ ಸುರಂಗದ ಮಾಡು ಅಂಥ ನೀರಿನದು. ನೆಲ, ಕೆಲವು ಕಡೆ ಸೊಂಟದುದ್ದವೂ ಇಲ್ಲದ ನೀರಿನ ಕೆಳಗೆ ಚೂಪು ಹವಳ.

ಇನ್ನು ಕೊನೆಯ ಅಂಕಿ, ಗಾಳಿ. 5 ನಾಟ್ ಅಂದರೆ ಗಂಟೆಗೆ 9 ಕಿ.ಮೀ.; ಊದುಬತ್ತಿಯ ಹೊಗೆ ಚದುರಲು ಸಾಕು. ದಡದಿಂದ ಕಡಲಿಗೆ ಅಷ್ಟು ಬೀಸಿದರೆ ಅಲೆಯ ಮುಖ ಗಾಜಾಗುತ್ತದೆ. ರಾತ್ರಿ ಬೆಟ್ಟದ ತಂಪು ಕಣಿವೆಗುಂಟ ಇಳಿದು ಬರುವ ಈ ಗಾಳಿಗೆ ತಾಹಿತಿಯವರು ‘ಹುಪೆ’ ಎನ್ನುತ್ತಾರೆ. ಚಳಿಗಾಲದಲ್ಲಿ ಆಗ್ನೇಯದಿಂದ ರಭಸವಾಗಿ ಬೀಸುವುದು ‘ಮರಾಮು’; ಅದು ಬಂದರೆ ಐದು ದಿನ ನಡೆದು ಬಂದ ಅಲೆಯೂ ಕಲಸಿದ ಅನ್ನ. ಕಾಲು ಡಿಗ್ರಿಯ ಬಲೆಗೆ ಈ ಕಣಿವೆಗಳು ಕಾಣುವುದೇ ಇಲ್ಲ, 1,300 ಮೀಟರ್ ಎತ್ತರದ ಬೆಟ್ಟವಿರುವ, ಚೋಪೂ ಸೇರಿದ ಇಡೀ ಪರ್ಯಾಯದ್ವೀಪ ಹೆಚ್ಚುಕಡಿಮೆ ಒಂದೇ ಕಣ್ಣಿನೊಳಗೆ ಅಡಗುತ್ತದೆ. ಉಬ್ಬರ ಇಳಿತದ್ದು ಮಾತ್ರ ಇಲ್ಲಿ ರಗಳೆಯಿಲ್ಲ. ನಮ್ಮಲ್ಲಿ ಚಂದ್ರನ ಹಿಂದೆ ದಿನಕ್ಕೆ ಮುಕ್ಕಾಲು ಗಂಟೆ ಜಾರುವ ಉಬ್ಬರ, ತಾಹಿತಿಯಲ್ಲಿ ಸೂರ್ಯನ ಮಾತು ಕೇಳುತ್ತದೆ: ದಿನವೂ ನಡುಮಧ್ಯಾಹ್ನ, ನಡುರಾತ್ರಿಯ ಹೊತ್ತಿಗೇ ಹಾಜರು. ಏರುವುದು ಒಂದಡಿಯ ಆಸುಪಾಸು. ಚಂದ್ರನ ಉಬ್ಬರ ಪೆಸಿಫಿಕ್ಕಿನಲ್ಲಿ ಸುತ್ತು ಹಾಕುವಾಗ ಅದರ ಗಾಲಿಯ ಅಚ್ಚು ಬೀಳುವುದು ಈ ದ್ವೀಪಗಳ ಹತ್ತಿರವೇ, ಅಲ್ಲಿ ಚಂದ್ರನ ಆಟ ಹೆಚ್ಚು ನಡೆಯದು.

2024ರ ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ನಡೆದದ್ದು ಪ್ಯಾರಿಸ್ಸಿನಿಂದ 15,000 ಕಿ.ಮೀ.ಗೂ ದೂರದ ಇದೇ ಕಂಡಿಯಲ್ಲಿ. ಬೇರೆ ಆಟಗಳಿಗೆ ವೇಳಾಪಟ್ಟಿ ಇತ್ತು, ಇದಕ್ಕೆ ಹತ್ತು ದಿನದ ಗಡುವು ಮಾತ್ರ. ಜುಲೈ 29ರಂದು ದೊಡ್ಡ ಅಲೆ ಬಂದಿತು. ಬ್ರೆಜಿಲ್‌ನ ಗೇಬ್ರಿಯಲ್ ಮೆಡಿನಾ ಒಂದು ಅಲೆಗೆ ಹತ್ತಕ್ಕೆ 9.90 ಅಂಕ ಪಡೆದು, ಬೆರಳೆತ್ತಿ ಗಾಳಿಯಲ್ಲಿ ನಿಂತಂತೆ ಕಾಣುವ ಚಿತ್ರವನ್ನು ಜೆರೋಮ್ ಬ್ರುಯೆ ತೆಗೆದದ್ದು ಆಗಲೇ. ಆಮೇಲೆ ಕಡಲು ಮನಸ್ಸು ಬದಲಿಸಿತು. ಪದಕದ ಸುತ್ತುಗಳಿಗೆ ಗಡುವಿನ ಕೊನೆಯ ದಿನ, ಆಗಸ್ಟ್ 5ರವರೆಗೆ ಕಾಯಬೇಕಾಯಿತು.

ಪುರುಷರ ಫೈನಲ್. ಒಬ್ಬ ತಾಹಿತಿಯಲ್ಲೇ ಬೆಳೆದ ಕೌಲಿ ವಾಸ್ಟ್, ಇನ್ನೊಬ್ಬ ಆಸ್ಟ್ರೇಲಿಯಾದ ಜ್ಯಾಕ್ ರಾಬಿನ್‌ಸನ್. ಇಬ್ಬರ ಎರಡೆರಡು ಅಲೆ ಲೆಕ್ಕಕ್ಕೆ. ವಾಸ್ಟ್ ಶುರುವಿನಲ್ಲೇ ಎರಡು ಹಿಡಿದ: 9.50 ಮತ್ತು 8.17. ರಾಬಿನ್‌ಸನ್ ಒಂದು ಹಿಡಿದು 7.83 ಪಡೆದ. ಇನ್ನೊಂದಕ್ಕೆ ಕಾದು ಕುಳಿತ. ಹದಿನಾರು ಸೆಕೆಂಡಿಗೊಂದರಂತೆ ಅರ್ಧ ಗಂಟೆಗೆ 112 ಅಲೆ ಹಾಯಬೇಕು. ಹಲಗೆಯ ಮೇಲೆ ಕೂತವನ ಕೆಳಗೆ ಕಡಲು ತಟ್ಟೆಯಂತೆ ಮಲಗಿತ್ತು. ದಡದಲ್ಲಿದ್ದವರು ಕ್ಷಿತಿಜ ನೋಡಿದರು, ರಾಬಿನ್‌ಸನ್ನೂ ನೋಡಿದ. ಸಮಯ ಮುಗಿದಾಗ ಅವನ ಮೊತ್ತ ಇನ್ನೂ 7.83.