ನಕ್ಷತ್ರಗಳ ಎಣಿಕೆಯೂ ಕಾಯಕದ ಬೆಲೆಯೂ

ಮನುಷ್ಯನ ದುಡಿಮೆಗೆ ಯಂತ್ರವು ಬೆಲೆ ಕಟ್ಟುವ ಕಾಲ ಬಂದಿದೆ. ಕರೋಲ್ ಬಾಗಿನಲ್ಲಿ ದೋಸೆ ಹುಯ್ಯುವವರ ಕೈಚಳಕಕ್ಕೂ, ಅದನ್ನು ಬಿಸಿಲುಚಳಿಯೆನ್ನದೆ ಮನೆಬಾಗಿಲಿಗೆ ಮುಟ್ಟಿಸುವವರ ಶ್ರಮಕ್ಕೂ ಗಿರಾಕಿಯು ಮೊಬೈಲಿನಲ್ಲಿ ಒತ್ತುವ ಐದು ನಕ್ಷತ್ರಗಳೇ ಅಳತೆಗೋಲಾಗಿವೆ. ಅವುಗಳನ್ನು ಕೂಡಿ ಕಳೆಯುವ ಗಣನಸೂತ್ರವು, ಅಂದರೆ ಆಲ್ಗಾರಿದಮ್ಮು, ನಾಳೆ ಯಾರಿಗೆ ಕೆಲಸವೆಂಬುದನ್ನೂ ನಿರ್ಧರಿಸಬಲ್ಲುದು. ಕಛೇರಿಯ ಗುಮಾಸ್ತರು ವರ್ಷಗಟ್ಟಲೆ ಕಲಿತ ಟಿಪ್ಪಣಿಯ ವಿದ್ಯೆಯನ್ನೂ ಯಂತ್ರವು ಕ್ಷಣದಲ್ಲಿ ಮಾಡಿ ತೋರಿಸುತ್ತಿದೆ.

ಇದು ಕೆಲವರ ಪಾಡಲ್ಲ. ನೀತಿ ಆಯೋಗದ 2022ರ ವರದಿಯಂತೆ, ಇಂತಹ ಬಿಡಿಗೆಲಸಗಾರರು 2020–21ರಲ್ಲಿ ದೇಶದಲ್ಲಿ ಸುಮಾರು 77 ಲಕ್ಷ ಮಂದಿ ಇದ್ದರು. 2029–30ರ ವೇಳೆಗೆ ಅವರ ಸಂಖ್ಯೆ 2.35 ಕೋಟಿಗೆ ಏರುವುದೆಂದು ಅಂದಾಜು.

ಹಾಗಾದರೆ ದುಡಿಮೆಗೆ ಬೆಲೆ ಬರುವುದು ಎಲ್ಲಿಂದ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಪತ್ನಿ ಲಕ್ಕಮ್ಮನು ಹೇಳಿದಳೆಂದು ಶರಣರ ಕಥೆ ತಿಳಿಸುತ್ತದೆ. ಇಂದಿನ ಗಣನಸೂತ್ರವಾಗಿದ್ದರೆ ಮಾರಯ್ಯನಿಗೆ ಬಹುಮಾನವನ್ನೇ ಕೊಡುತ್ತಿತ್ತು! ಲಕ್ಕಮ್ಮನು ಅಳೆದದ್ದು ಅಕ್ಕಿಯನ್ನಲ್ಲ. ಅದನ್ನು ಆಯ್ದ ಮನಸ್ಸನ್ನು.

ಆದರೆ ಕಾಯಕದ ಹೆಸರು ಹೇಳಿ ಕೂಲಿ ಕಡಿಮೆ ಮಾಡುವುದು ಸಲ್ಲದು. ಲಕ್ಕಮ್ಮನ ತೃಪ್ತಿ ಅವಳೇ ಆರಿಸಿಕೊಂಡದ್ದು. ಪರರ ಮೇಲೆ ಹೇರಿದರೆ ಅದು ತೃಪ್ತಿಯಲ್ಲ, ಶೋಷಣೆ. ಆದ್ದರಿಂದಲೇ ಶಾಸನವು ಬೇಕಾಗುತ್ತದೆ. ಕರ್ನಾಟಕವು 2025ರಲ್ಲಿ ಮಾಡಿದ ಕಾಯಿದೆಯು ಕೆಲಸದಿಂದ ತೆಗೆಯುವ ಮುನ್ನ ಸಾಮಾನ್ಯವಾಗಿ 14 ದಿನಗಳ ಸೂಚನೆಯನ್ನೂ ಲಿಖಿತ ಕಾರಣವನ್ನೂ ಕೊಡಬೇಕೆನ್ನುತ್ತದೆ. ಆದರೆ ಅದು ಆ ರಾಜ್ಯದ ಮಟ್ಟಿಗೆ ಮಾತ್ರ. ದೆಹಲಿಯಲ್ಲಿ ಓಡಾಡಿ ದುಡಿಯುವ ನಮ್ಮ ಹುಡುಗರಿಗೆ ಅದರ ರಕ್ಷಣೆ ದೊರೆಯದು.

ಕಾರಣ ಕೇಳುವುದು, ಕಾರಣ ಹೇಳುವುದು ಮನುಷ್ಯರ ನಡುವಿನ ವ್ಯವಹಾರ. ಯಂತ್ರವು ಟಿಪ್ಪಣಿ ಬರೆದೀತು. ಅದರ ಕೆಳಗೆ ಸಹಿ ಹಾಕಿ, ತಪ್ಪಿದರೆ ಉತ್ತರ ಕೊಡಬೇಕಾದವರು ಗುಮಾಸ್ತರೇ. ಓದದೆ ಸಹಿ ಹಾಕಿದವರು ತಮ್ಮ ಬೆಲೆಯನ್ನು ತಾವೇ ಬಿಟ್ಟುಕೊಟ್ಟಂತೆ. ಹೋಟೆಲಿನ ಯಜಮಾನರೂ ನಕ್ಷತ್ರ ಕಡಿಮೆಯಾಯಿತೆಂದು ಮಾಣಿಯನ್ನು ಗದರಿಸುವ ಮುನ್ನ, ನಡೆದದ್ದೇನೆಂದು ಅವನನ್ನೇ ಒಮ್ಮೆ ಕೇಳಲಿ. ಆ ಒಂದು ಪ್ರಶ್ನೆಯಿಂದ ಅವನ ಮಾನವೂ ಉಳಿಯುವುದು, ಯಜಮಾನರ ಮಾನವೂ ಉಳಿಯುವುದು.